ವಿಶ್ವ ಕೊಡದಿದ್ದರೆ ತಪ್ಪು ಯಾರದು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ 'ಆಕರ್ಷಣೆಯ ನಿಯಮ'ದ ಬಗ್ಗೆ ಅರ್ಧ ಪುಟದ ಬರಹವೊಂದು ಬಂದಿತ್ತು. ಬೇಕಾದ್ದನ್ನು ಮನಸ್ಸಿನಲ್ಲೇ ಗಟ್ಟಿಯಾಗಿ ಕೇಳಿಕೊಂಡರೆ ವಿಶ್ವ ಕೊಟ್ಟೇ ಕೊಡುತ್ತದೆ, ಕೊಡದಿದ್ದರೆ ನಿಮ್ಮ ನಂಬಿಕೆಯಲ್ಲೇ ಎಲ್ಲೋ ಬಿರುಕಿದೆ ಎಂದು ಅದರಲ್ಲಿತ್ತು. ಮೊದಲನೇ ಮಾತಿಗಿಂತ ಎರಡನೇ ಮಾತು ನನಗೆ ಜಾಸ್ತಿ ಸಂಕಟ ತಂದಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದಷ್ಟೂ ಕತ್ತರಿಸದೆ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ನಾನು ತಿಪಟೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹತ್ತನೇ ತರಗತಿ ಮಕ್ಕಳ ನೋಟ್‌ಬುಕ್ ತಿದ್ದುವುದು ದಿನಾ ಇರುವ ಕೆಲಸ. ಈಚೆಗೆ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಲೆಕ್ಕದ ಬದಲು ಬೇರೆ ಬರವಣಿಗೆ ಕಾಣುತ್ತಿದೆ. 'ನನಗೆ ಗಣಿತದಲ್ಲಿ 80ಕ್ಕೆ 76 ಬಂದಿದೆ. ಧನ್ಯವಾದ ವಿಶ್ವ.' ಬೆಳಗ್ಗೆ ಮೂರು ಸಲ, ಮಧ್ಯಾಹ್ನ ಆರು ಸಲ, ರಾತ್ರಿ ಒಂಬತ್ತು ಸಲ. ಹಸಿರು ಜೆಲ್ ಪೆನ್ನಿನಲ್ಲಿ, ಒಂದಕ್ಷರ ಅಲುಗದ ಹಾಗೆ ದುಂಡಗೆ ಬರೆದಿರುತ್ತಾರೆ. 'ಬರಲಿ' ಅಂತ ಬರೆಯಬಾರದಂತೆ, ಆಗಲೇ ಬಂದುಬಿಟ್ಟಿದೆ ಅನ್ನುವ ಹಾಗೆ ಬರೆಯಬೇಕಂತೆ. ಅದೇ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ವರ್ಗ ಸಮೀಕರಣದ ಲೆಕ್ಕ ಅರ್ಧಕ್ಕೇ ನಿಂತಿರುತ್ತದೆ.

ಇದಕ್ಕೆ ತ್ರೀ ಸಿಕ್ಸ್ ನೈನ್ ಎಂದು ಹೆಸರು. ರೀಲ್ಸ್ ನೋಡಿ ಕಲಿತದ್ದು. 'ಈ ಸಲ ಪೇಪರ್ ಕಷ್ಟ ಇರುತ್ತೇನೋ' ಎಂದು ಒಬ್ಬಳು ಬಾಯಿಬಿಟ್ಟರೆ ಪಕ್ಕದವಳು ತಕ್ಷಣ 'ಕ್ಯಾನ್ಸಲ್, ಕ್ಯಾನ್ಸಲ್' ಅನ್ನುತ್ತಾಳೆ. ಸಂಜೆ ಹೊತ್ತು ಕೆಟ್ಟದ್ದು ಆಡಬೇಡಿ, ದೇವತೆಗಳು ಅಸ್ತು ಅಂದುಬಿಡ್ತಾರೆ ಎಂದು ನಮ್ಮಜ್ಜಿಯೂ ಗದರುತ್ತಿದ್ದರು. ಆದರೆ ಅಜ್ಜಿಯ ದೇವತೆಗಳು ಓಡಾಡುತ್ತಿದ್ದದ್ದು ಸಂಜೆ ಮಾತ್ರ, ಅಸ್ತು ಅನ್ನುತ್ತಿದ್ದದ್ದು ಬಾಯಿಂದ ಹೊರಗೆ ಬಂದ ಮಾತಿಗೆ ಮಾತ್ರ. ಈ ಮಕ್ಕಳು ಮನಸ್ಸಿನೊಳಗೆ ಹಾದುಹೋಗುವ ಒಂದೊಂದು ಯೋಚನೆಗೂ ಹಗಲೂ ರಾತ್ರಿ ಕಾವಲು ಕೂರಬೇಕಾಗಿದೆ. ಹದಿನೈದು ಹದಿನಾರು ವರ್ಷದ ಮಕ್ಕಳು ಇವರು.

ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂದ ಮೇಲೆ ನಮ್ಮ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಗಣಿತದಲ್ಲಿ ಫೇಲಾಗಿದ್ದಳು. ದಡ್ಡಿಯಲ್ಲ. ಕನ್ನಡದಲ್ಲೂ ಸಮಾಜದಲ್ಲೂ ಒಳ್ಳೇ ಅಂಕ ತೆಗೆದವಳು. ಅಳಲಿಲ್ಲ. 'ಮಿಸ್, ಪರೀಕ್ಷೆ ಹಿಂದಿನ ರಾತ್ರಿ ನನಗೆ ಒಂದ್ಸಲ ಡೌಟ್ ಬಂದ್ಬಿಡ್ತು. ಅದಕ್ಕೇ ಹೀಗಾಯ್ತು' ಅಂದಳು. ಮನೆಯಲ್ಲೂ ಅದನ್ನೇ ಹೇಳಿದ್ದಾಳೆ. ತಾನು ಪಾಸಾಗುತ್ತೇನೋ ಇಲ್ಲವೋ ಎಂದು ಒಂದು ಗಳಿಗೆ ಅನ್ನಿಸಿತಲ್ಲ, ಅಷ್ಟಕ್ಕೇ ವಿಶ್ವ ಕೈಬಿಟ್ಟಿತು ಎಂದು ಆ ಮಗು ನಂಬಿದೆ.

ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ಇಬ್ಬರೂ ಕೂತು ನೋಡಿದೆವು. ಗೋಪುರದ ಎತ್ತರ ಕಂಡುಹಿಡಿಯುವ ಲೆಕ್ಕದಲ್ಲಿ ಚಿತ್ರ ಸರಿಯಾಗಿ ಬರೆದಿದ್ದಾಳೆ. ಲಂಬಕೋನ ಗುರುತಿಸಿದ್ದಾಳೆ. 30 ಡಿಗ್ರಿಯನ್ನೂ ಹಾಕಬೇಕಾದ ಮೂಲೆಯಲ್ಲೇ ಹಾಕಿದ್ದಾಳೆ. ಆಮೇಲೆ ಟ್ಯಾನ್ 30, ಅಂದರೆ ಆ ಕೋನದ ಎದುರಿನ ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದರೆ ಬರುವ ಬೆಲೆ, ರೂಟ್ 3 ಎಂದು ಬರೆದುಬಿಟ್ಟಿದ್ದಾಳೆ. ಅದು ಟ್ಯಾನ್ 60ರ ಬೆಲೆ. ಟ್ಯಾನ್ 30 ಅಂದರೆ ಒಂದನ್ನು ರೂಟ್ 3ರಿಂದ ಭಾಗಿಸಿದಷ್ಟು. ಅಷ್ಟಕ್ಕೇ ಗೋಪುರ ಮೂರು ಪಟ್ಟು ಎತ್ತರವಾಗಿದೆ. ಸಮಾಂತರ ಶ್ರೇಢಿಯಲ್ಲಿ ಇಪ್ಪತ್ತನೇ ಪದ ಕೇಳಿದರೆ ಸಾಮಾನ್ಯ ವ್ಯತ್ಯಾಸವನ್ನು ಹತ್ತೊಂಬತ್ತರಿಂದ ಗುಣಿಸುವ ಬದಲು ಇಪ್ಪತ್ತರಿಂದ ಗುಣಿಸಿದ್ದಾಳೆ. ಪ್ರಮೇಯದ ಪ್ರಶ್ನೆಯನ್ನು ಮುಟ್ಟಿಯೇ ಇಲ್ಲ.

ಅಲ್ಲೇ ಒಂದು ಸಮಬಾಹು ತ್ರಿಭುಜ ಬರೆಸಿದೆ. ಒಂದೊಂದು ಬಾಹು ಎರಡು. ತುದಿಯಿಂದ ಲಂಬ ಎಳೆಸಿದೆ. ಪಾದ ಅರ್ಧವಾಗಿ ಒಂದಾಯಿತು, ಲಂಬ ರೂಟ್ 3 ಆಯಿತು, ಮೇಲಿನ ಕೋನ 30, ಕೆಳಗಿನದು 60. ಸ್ವಲ್ಪ ಹೊತ್ತು ನೋಡಿ, 'ಹಾಗಾದ್ರೆ ಟ್ಯಾನ್ 30 ಒಂದಕ್ಕಿಂತ ಕಡಿಮೆ ಇರ್ಲೇಬೇಕಲ್ವಾ ಮಿಸ್' ಎಂದು ಅವಳೇ ಹೇಳಿದಳು. ಇನ್ನು ಆ ತಪ್ಪನ್ನು ಅವಳು ಮಾಡಲಾರಳು. ಸಂಪಾದಕರೇ, ಈ ತಪ್ಪಿಗೆ ಮದ್ದಿತ್ತು. 'ಡೌಟ್ ಬಂದ್ಬಿಡ್ತು' ಅನ್ನುವುದಕ್ಕೆ ಯಾವ ಮೇಷ್ಟ್ರು ಏನು ಮದ್ದು ಕೊಡಬೇಕು? ಮುಂದಿನ ಪರೀಕ್ಷೆಯ ಹಿಂದಿನ ರಾತ್ರಿಯೂ ಅವಳಿಗೆ ಡೌಟ್ ಬಂದೇ ಬರುತ್ತದೆ. ಬರಬಾರದು ಎಂದು ಹೆದರಿದಷ್ಟೂ ಬರುತ್ತದೆ. ಪಾಠ ಮುಗಿಸಿ 'ಡೌಟ್ಸ್ ಇದ್ಯಾ?' ಎಂದು ನಾವು ಕೇಳುವುದೇ ಮಕ್ಕಳು ಕೈ ಎತ್ತಲಿ ಎಂದು. ಆ ಕೈಯನ್ನೇ ಕೆಳಗಿಳಿಸುವ ಪಾಠ ಇದು.

ನಿಮ್ಮ ಲೇಖಕರು ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ಹೆಸರು ತಂದಿದ್ದರು. 3, 6, 9ರಲ್ಲಿ ವಿಶ್ವದ ಕೀಲಿಕೈ ಇದೆ ಎಂದು ಟೆಸ್ಲಾ ಹೇಳಿದ್ದಕ್ಕೆ ನಂಬುವಂಥ ದಾಖಲೆಯನ್ನು ಯಾರೂ ತೋರಿಸಿಲ್ಲ. ಅವರು 1888ರಲ್ಲಿ ಪೇಟೆಂಟ್ ಪಡೆದದ್ದು ಪರ್ಯಾಯ ವಿದ್ಯುತ್ತಿನಿಂದ ತಿರುಗುವ ಮೋಟಾರಿಗೆ. ಆ ಹುಡುಗಿಯ ಅಪ್ಪ ತ್ರೀ ಫೇಸ್ ಕರೆಂಟ್ ಬಂದಾಗ ನಡುರಾತ್ರಿಯಲ್ಲಿ ಎದ್ದು, ಟಾರ್ಚ್ ಹಿಡಿದು ಹೋಗಿ ತೆಂಗಿನ ತೋಟಕ್ಕೆ ನೀರು ಬಿಡುತ್ತಾರೆ. ಆ ಪಂಪ್‌ಸೆಟ್ಟಿನ ಮೋಟಾರು ತಿರುಗುವುದು ಅದೇ ತತ್ವದ ಮೇಲೆ. ಟೆಸ್ಲಾ ನಮ್ಮ ತೋಟಗಳಿಗೆ ಕೊಟ್ಟದ್ದು ಅದು. ಮಕ್ಕಳಿಗೆ ಆ ಕತೆ ಹೇಳಿದರೆ ಎಷ್ಟು ಚೆನ್ನ!

ಆಯಸ್ಕಾಂತದ ಹಾಗೆ ಒಳ್ಳೇ ಯೋಚನೆ ಒಳ್ಳೆಯದನ್ನೇ ಸೆಳೆಯುತ್ತದೆ, ಸಮಾನವಾದದ್ದು ಸಮಾನವಾದದ್ದನ್ನು ಸೆಳೆಯುತ್ತದೆ ಎಂದೂ ಬರೆದಿದ್ದರು. ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ, ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ ಎಂದು ನಮ್ಮ ಮಕ್ಕಳು ವಿಜ್ಞಾನದಲ್ಲಿ ಬಾಯಿಪಾಠ ಮಾಡಿರುತ್ತಾರೆ. ಪುರವಣಿ ನಂಬಬೇಕೋ ಪಠ್ಯಪುಸ್ತಕ ನಂಬಬೇಕೋ?

ಇದೆಲ್ಲ ನಮ್ಮ ಋಷಿಗಳು ಹೇಳಿದ್ದೇ ಎಂಬ ಮಾತೂ ಅಲ್ಲಿತ್ತು. ಈ 'ಆಕರ್ಷಣೆಯ ನಿಯಮ'ವನ್ನು ಆ ಹೆಸರಿನಲ್ಲಿ ಪ್ರಚಾರ ಮಾಡಿದವರಲ್ಲಿ ಮುಖ್ಯರು ಅಮೆರಿಕದ ವಿಲಿಯಂ ವಾಕರ್ ಅಟ್ಕಿನ್ಸನ್. ವೃತ್ತಿಯಲ್ಲಿ ವಕೀಲರು. 1906ರಲ್ಲಿ ಶಿಕಾಗೋದಲ್ಲಿದ್ದುಕೊಂಡು ಅದರ ಮೇಲೆ ಪುಸ್ತಕ ತಂದರು. ಅದೇ ಮನುಷ್ಯ 'ಯೋಗಿ ರಾಮಚರಕ' ಎಂದು ಹೆಸರಿಟ್ಟುಕೊಂಡು ಯೋಗದ ಪುಸ್ತಕಗಳನ್ನೂ ಬರೆದರು. ಋಷಿಗಳ ಮಾತು ಅನ್ನುವ ಭಾವನೆಗೆ ಇಂಥ ಹೆಸರುಗಳೂ ಕಾರಣ. 1910ರಲ್ಲಿ ವ್ಯಾಲೇಸ್ ವಾಟಲ್ಸ್ ಎಂಬುವರು ಶ್ರೀಮಂತರಾಗುವ ಬಗೆ ಹೇಳುವ ಪುಸ್ತಕ ಬರೆದರು. ಅದನ್ನು ಓದಿದ ಆಸ್ಟ್ರೇಲಿಯಾದ ಟಿವಿ ನಿರ್ಮಾಪಕಿ ರೋಂಡಾ ಬರ್ನ್ 2006ರಲ್ಲಿ 'ದಿ ಸೀಕ್ರೆಟ್' ಎಂಬ ಸಿನಿಮಾ ಮಾಡಿದರು, ಅದೇ ವರ್ಷ ಅದೇ ಹೆಸರಿನ ಪುಸ್ತಕವನ್ನೂ ತಂದರು. ಮರುವರ್ಷ ಓಪ್ರಾ ವಿನ್‌ಫ್ರೇ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಅದನ್ನು ಹೊಗಳಿದ ಮೇಲೆ ಜಗತ್ತಿನ ಮೂಲೆಮೂಲೆಗೂ ಹೋಯಿತು. ಕೇಳು, ನಂಬು, ಪಡೆ ಅನ್ನುವ ಮೂರು ಮೆಟ್ಟಿಲು ಮನೆಮಾತಾದದ್ದು ಅಲ್ಲಿಂದ. ನಮ್ಮ ಹಿರಿಯರ ಮಾತೇ ಬೇಕೆಂದರೆ, ಮಲಗಿದ ಸಿಂಹದ ಬಾಯಿಗೆ ಜಿಂಕೆ ತಾನಾಗಿ ಬಂದು ಬೀಳುವುದಿಲ್ಲ ಎನ್ನುವ ಸುಭಾಷಿತ ಎಂಟನೇ ತರಗತಿ ಮಕ್ಕಳಿಗೂ ಗೊತ್ತು.

ಹಾಗಾದರೆ ಒಳ್ಳೆಯದನ್ನು ಕಲ್ಪಿಸಿಕೊಳ್ಳುವುದೇ ತಪ್ಪಾ? ತಪ್ಪಲ್ಲ. ಏನನ್ನು ಕಲ್ಪಿಸಿಕೊಳ್ಳುತ್ತೇವೆ ಅನ್ನುವುದರ ಮೇಲಿದೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಫಾಮ್ ಮತ್ತು ಟೇಲರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪರೀಕ್ಷೆ ಹತ್ತಿರವಿದ್ದ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿ 1999ರಲ್ಲಿ ಪ್ರಕಟಿಸಿದರು. ಕೆಲವರಿಗೆ ದಿನಾ ಸ್ವಲ್ಪ ಹೊತ್ತು ಒಳ್ಳೇ ಅಂಕ ಬಂದ ಹಾಗೆ, ಖುಷಿಪಟ್ಟ ಹಾಗೆ ಕಲ್ಪಿಸಿಕೊಳ್ಳಲು ಹೇಳಿದರು. ಇನ್ನು ಕೆಲವರಿಗೆ ತಾವು ಮೇಜಿನ ಮುಂದೆ ಕೂತು ಓದುತ್ತಿರುವ ಹಾಗೆ ಕಲ್ಪಿಸಿಕೊಳ್ಳಲು ಹೇಳಿದರು. ಓದುವುದನ್ನು ಕಲ್ಪಿಸಿಕೊಂಡವರು ಬೇಗ ಓದಲು ಶುರುಮಾಡಿದರು, ಜಾಸ್ತಿ ಓದಿದರು, ಅಂಕವೂ ಜಾಸ್ತಿ ಬಂತು. ಬರೀ ಅಂಕ ಕಲ್ಪಿಸಿಕೊಂಡವರು ಓದಿದ್ದೂ ಕಡಿಮೆ, ಅಂಕವೂ ಕಡಿಮೆ. ಗೇಬ್ರಿಯೆಲೆ ಓಟಿಂಗನ್ ಎಂಬ ಮನಶ್ಶಾಸ್ತ್ರಜ್ಞೆ ಜರ್ಮನಿಯಲ್ಲಿ ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದವರನ್ನು ಎರಡು ವರ್ಷ ಬಿಟ್ಟು ಮತ್ತೆ ವಿಚಾರಿಸಿದರು. ಕೆಲಸ ಸಿಕ್ಕ ಹಾಗೆ ಹಗಲುಗನಸು ಜಾಸ್ತಿ ಕಂಡವರು ಅರ್ಜಿ ಹಾಕಿದ್ದೇ ಕಡಿಮೆ. ಅವರಿಗೆ ಬಂದ ಕರೆಗಳೂ ಕಡಿಮೆ, ಸಂಬಳವೂ ಕಡಿಮೆ. ಅದೇ ಅಧ್ಯಯನದಲ್ಲಿ, 'ನನಗೆ ಕೆಲಸ ಸಿಕ್ಕೀತು' ಎಂಬ ಭರವಸೆ ಇದ್ದವರಿಗೆ ಒಳ್ಳೆಯದೇ ಆಗಿತ್ತು. ಮಾಡಿದ ಕೆಲಸ ನೋಡಿಕೊಂಡು ಹುಟ್ಟುವ ಭರವಸೆ ಬೇರೆ, ಸುಮ್ನೆ ಕೂತು ಕಾಣುವ ಕನಸು ಬೇರೆ. ಆ ಭರವಸೆಯ ಪರವಾಗಿಯೇ ನಾನು ಬರೆಯುತ್ತಿರುವುದು.

ದುಡ್ಡಿನ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2023ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದ್ದಾರೆ. ಇದನ್ನು ಬಲವಾಗಿ ನಂಬುವವರು ತಾವು ಬೇರೆಯವರಿಗಿಂತ ಯಶಸ್ವಿ ಎಂದುಕೊಂಡಿದ್ದರು. ಆದಾಯ, ಓದು ನೋಡಿದರೆ ಹಾಗೇನೂ ಇರಲಿಲ್ಲ. ಅಪಾಯದ ಹೂಡಿಕೆಗೆ ಕೈಹಾಕುವುದು, ದಿವಾಳಿಯಾಗುವುದು ಅವರಲ್ಲೇ ಜಾಸ್ತಿ. ನಮ್ಮ ಊರಲ್ಲೇ ಒಬ್ಬರು ವರ್ಷವಿಡೀ ಅಟ್ಟದ ಮೇಲೆ ಕಾದ ಕೊಬ್ಬರಿ ಮಾರಿದ ದುಡ್ಡನ್ನು 'ಸಮೃದ್ಧಿ'ಯ ಆನ್‌ಲೈನ್ ಕೋರ್ಸಿಗೆ ಕಟ್ಟಿದ್ದಾರೆ. ಫಲ ಕಾಣದೆ ಫೋನ್ ಮಾಡಿದರೆ 'ನಿಮ್ಮ ಮನಸ್ಸಿನಲ್ಲಿ ಇನ್ನೂ ಬಡತನದ ಯೋಚನೆ ಇದೆ, ಮುಂದಿನ ಹಂತದ ಕೋರ್ಸ್ ತಗೊಳ್ಳಿ' ಎಂದರಂತೆ.

ಹರಕೆ ಹೊರುವವರು ನಾವು, ನಮಗೇಕೆ ಇದರ ಮೇಲೆ ಸಿಟ್ಟು ಎಂದು ಯಾರಾದರೂ ಕೇಳಬಹುದು. ನಾನು ಭಕ್ತಿ ಇಲ್ಲದವಳಲ್ಲ. ನಮ್ಮಮ್ಮ ನನ್ನ ತಮ್ಮನ ಕೆಲಸಕ್ಕಾಗಿ ಎಡೆಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತಿದ್ದರು. ಸೋಮವಾರ ಒಪ್ಪೊತ್ತು ಊಟ, ಜಾತ್ರೆಗೆ ನಡೆದುಕೊಂಡೇ ಹೋಗುವುದು. ಅವನಿಗೆ ಆ ಕೆಲಸ ಸಿಗಲಿಲ್ಲ. 'ಸ್ವಾಮಿ ಮನಸ್ಸಿಗೆ ಬರಲಿಲ್ಲ' ಅಂದರು ಅಮ್ಮ, ಅಷ್ಟೇ. ತಮ್ಮನನ್ನು ಬೈಯಲಿಲ್ಲ, ತಮ್ಮನ್ನು ತಾವೂ ಹಳಿದುಕೊಳ್ಳಲಿಲ್ಲ. ಮಾರನೇ ವಾರ ಅವನು ಬೇರೆ ಕಡೆ ಅರ್ಜಿ ಹಾಕಿದ. ನಮ್ಮಮ್ಮನ ದೇವರು ಇಲ್ಲ ಅನ್ನಬಲ್ಲ. ಆ 'ಇಲ್ಲ'ದ ಭಾರವನ್ನು ಅವನೇ ಹೊರುತ್ತಾನೆ. ಈ ವಿಶ್ವ ಯಾರಿಗೂ ಇಲ್ಲ ಅನ್ನುವುದೇ ಇಲ್ಲವಂತೆ. ಹಾಗಾಗಿ ಸಿಗದಿದ್ದಾಗಲೆಲ್ಲ ತಪ್ಪು ಕೇಳಿದವರದ್ದೇ. ನನ್ನ ಹುಡುಗಿಯಂಥವರ ತಲೆ ಮೇಲೆ ಈ ಭಾರ ಬೀಳುತ್ತಿರುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಕಾಯಿಲೆ ಬಿದ್ದವರಿಗೆ ಇದನ್ನು ಹೇಳುವುದಂತೂ ಕ್ರೂರ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಸ್ತನ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿದ್ದಾಗ, ನೋಡಲು ಬಂದವರು ಎಳನೀರಿನ ಜೊತೆಗೆ ಈ ಮಾತನ್ನೂ ಕೊಟ್ಟು ಹೋದರು: 'ಮೊದಲಿಂದಲೂ ನೀವು ಟೆನ್ಷನ್ ಜಾಸ್ತಿ ಮಾಡ್ಕೋತಿದ್ರಿ, ಅದೇ ಎಳೆದುಕೊಂಡು ಬಂದಿದೆ.' ಬಾಯಿಹುಣ್ಣಿನಿಂದ ಅನ್ನ ನುಂಗಲಾಗದ ಹೆಂಗಸು ಅಂದು ರಾತ್ರಿಯೆಲ್ಲ ತನ್ನ ಹಿಂದಿನ ಯೋಚನೆಗಳನ್ನು ಲೆಕ್ಕ ಹಾಕುತ್ತಾ ಮಲಗಿದ್ದರಂತೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪರೀಕ್ಷೆಯ ತಿಂಗಳುಗಳಲ್ಲಿ ವಿದ್ಯಾರ್ಥಿಗಳ ಪುಟದಲ್ಲಿ ಇಂಥ ಕೋರ್ಸುಗಳ ಜಾಹೀರಾತು ಹಾಕಬೇಡಿ. ಹಾಕಲೇಬೇಕಿದ್ದರೆ ಜಾಹೀರಾತು ಎಂದು ಎದ್ದುಕಾಣುವ ಹಾಗೆ ಬರೆಯಿರಿ, ಲೇಖನದ ವೇಷ ಹಾಕಬೇಡಿ. ಶಾಲೆಗಳ ಮುಖ್ಯೋಪಾಧ್ಯಾಯರಿಗೂ ಒಂದು ಮಾತು: ಪ್ರೇರಣಾ ಭಾಷಣಕ್ಕೆ ಯಾರನ್ನಾದರೂ ಕರೆಸುವ ಮೊದಲು ಮಕ್ಕಳಿಗೆ ಏನು ಹೇಳುತ್ತೀರಿ ಎಂದು ಕೇಳಿ ತಿಳಿದುಕೊಳ್ಳಿ. ಫೇಲಾದ ಮಗು ಎದುರಿಗೆ ಕೂತಿದ್ದರೆ ಅದಕ್ಕೆ ಏನು ಹೇಳುತ್ತೀರಿ ಎಂದೂ ಕೇಳಿ.

ಆ ಅರ್ಧ ಪುಟದ ಜಾಗವನ್ನು ಪರೀಕ್ಷೆ-2 ಮುಗಿಯುವವರೆಗೆ ವಾರಕ್ಕೊಮ್ಮೆ ಗಣಿತಕ್ಕೆ ಕೊಡುವುದಾದರೆ ನಾನೇ ಬರೆದು ಕಳಿಸುತ್ತೇನೆ. ಎತ್ತರ ಮತ್ತು ದೂರದ ಲೆಕ್ಕಗಳಿಂದ ಶುರುಮಾಡೋಣ, ಆಮೇಲೆ ಸಮಾಂತರ ಶ್ರೇಢಿ, ಆಮೇಲೆ ಪ್ರಮೇಯಗಳು. ಚಿತ್ರ ನಾನೇ ಬರೆದು ಕೊಡುತ್ತೇನೆ. ಸಂಭಾವನೆ ಬೇಡ. ಮಕ್ಕಳು ತಮ್ಮ ಡೌಟುಗಳನ್ನು ಪತ್ರಿಕೆಗೇ ಬರೆದು ಕಳಿಸಲಿ, ಉತ್ತರ ನಾನು ಬರೆಯುತ್ತೇನೆ.

ಇಂತಿ,
ಗಣಿತ ಶಿಕ್ಷಕಿ, ತಿಪಟೂರು