ಚೀಲ ಹೊರೋರು ಬೇಕಾಗಿದ್ದಾರೆ

ನಮಸ್ಕಾರ. ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಪಾದಕೀಯವನ್ನು ನಾಲ್ಕು ದಿನದ ಹಿಂದೆಯೇ ಕೊಡಬೇಕಿತ್ತು. ಪುಟ ಜೋಡಿಸುವವರು ವಾಟ್ಸಾಪಿನಲ್ಲಿ ಮೊದಲು ಕೈ ಮುಗಿದರು, ಆಮೇಲೆ ಗಡಿಯಾರದ ಚಿತ್ರ ಹಾಕಿದರು, ಈಗ ಬರೀ ಒಂದು ಚುಕ್ಕೆ ಕಳಿಸುತ್ತಿದ್ದಾರೆ. ರಾತ್ರಿ ಹನ್ನೊಂದೂವರೆ. ಪಾತ್ರೆ ಸಿಂಕಿನಲ್ಲೇ ಇವೆ. ರಾಜ್ಯೋತ್ಸವದ ಬಗ್ಗೆ ಏನಾದರೂ ಗಂಭೀರವಾಗಿ ಬರೆಯೋಣ ಅಂತ ಮೂರು ಸಲ ಶುರು ಮಾಡಿ ಮೂರು ಸಲ ಅಳಿಸಿದೆ. ಹೋಗಲಿ, ಮನೆಯಲ್ಲಿ ನಡೆದದ್ದನ್ನೇ ಬರೆಯುತ್ತೇನೆ.

ಮಕ್ಕಳ ವೇಷ ಸ್ಪರ್ಧೆಗೆ ಈವರೆಗೆ ಆರು ಜನ ಕಿತ್ತೂರು ಚೆನ್ನಮ್ಮ, ನಾಲ್ಕು ಜನ ಬಸವಣ್ಣ ಹೆಸರು ಕೊಟ್ಟಿದ್ದಾರೆ. ನನ್ನ ಒಂಬತ್ತು ವರ್ಷದ ಮಗಳು ತಾನು ಅದಿತಿ ಅಶೋಕ್ ಆಗ್ತೀನಿ ಅಂದಳು. ಗಾಲ್ಫ್ ಆಡುವ ಬೆಂಗಳೂರಿನ ಅದಿತಿ. ಯಾಕಮ್ಮಾ ಅಂದರೆ, ಸೀರೆ ಉಡಬೇಕಾಗಿಲ್ಲ, ಟೋಪಿ ಹಾಕ್ಕೋಬಹುದು ಅಂತೆ. ಸರಿ, ನಾನೇನು ಮಾಡ್ಲಿ ಅಂತ ಕೇಳಿದೆ. "ನೀನು ಕ್ಯಾಡಿ. ಚೀಲ ಹೊತ್ಕೊಂಡು ನನ್ನ ಹಿಂದೆ ಬಾ. ನಿಂಗೆ ಡೈಲಾಗ್ ಇಲ್ಲ."

ಡೈಲಾಗ್ ಇಲ್ಲ ಅನ್ನುವುದು ತಪ್ಪು. ಗಾಲ್ಫಿನ ನಿಯಮದ ಪ್ರಕಾರ ಆಟ ನಡೆಯುವಾಗ ಆಟಗಾರ್ತಿಗೆ ಸಲಹೆ ಕೊಡಬಹುದಾದದ್ದು ಕ್ಯಾಡಿ ಒಬ್ಬರೇ. ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಇರುತ್ತವೆ. ಅದನ್ನು ಹೊತ್ತು 18 ಹೋಲ್ (ಚೆಂಡು ಬೀಳಿಸುವ ಗುಂಡಿ) ದಾಟಿ ನಡೆಯಬೇಕು, ಗಾಳಿ ಯಾವ ಕಡೆ ಅಂತ ನೋಡಬೇಕು, ದೂರ ಲೆಕ್ಕ ಹಾಕಬೇಕು, ಚೆಂಡು ಒರೆಸಿ ಕೊಡಬೇಕು, ಮರಳಿನಲ್ಲಿ ಬಿದ್ದ ಹೆಜ್ಜೆ ಗುರುತು ಸರಿ ಮಾಡಬೇಕು. ಇಷ್ಟೂ ಹೇಳಿದೆ. "ಸರಿ, ಸಣ್ಣಗೆ ಕಿವಿಯಲ್ಲಿ ಹೇಳು" ಅಂದಳು.

ನನಗೆ ನೆನಪಾದದ್ದು 2021ರ ಆಗಸ್ಟ್. ನಮಗಿಲ್ಲಿ ಅಮೆರಿಕದಲ್ಲಿ ಶುಕ್ರವಾರ ಸಂಜೆ, ಟೋಕಿಯೋದಲ್ಲಿ ಶನಿವಾರ ಬೆಳಗ್ಗೆ, ಕಲಬುರಗಿಯಲ್ಲಿ ಇನ್ನೂ ಕತ್ತಲು. ಒಲಿಂಪಿಕ್ಸ್ ಗಾಲ್ಫಿನ ಕೊನೆಯ ದಿನ. ಮೂರು ದಿನದ ಆಟ ಮುಗಿದಾಗ ನಮ್ಮ ಹುಡುಗಿ ಎರಡನೇ ಸ್ಥಾನದಲ್ಲಿದ್ದಳು. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೆಯವಳು, ವಿಶ್ವದ ನಂಬರ್ ಒನ್ ನೆಲ್ಲಿ ಕೋರ್ಡಾ ಪಕ್ಕದಲ್ಲಿ ನಡೆಯುತ್ತಿದ್ದಳು. ಗಾಲ್ಫ್ ಅಂದರೆ ಏನೂ ಗೊತ್ತಿಲ್ಲದ ನಾನು ಸೋಫಾದ ತುದಿಯಲ್ಲಿ ಕೂತು ಅವ್ವನಿಗೆ ಫೋನ್ ಮಾಡಿದೆ. ನಳ ಬಂದಿತ್ತು ಅಂತ ಅವ್ವ ಹೇಗೂ ಎದ್ದಿದ್ದಳು. ಟಿವಿ ಹಚ್ಚಿಸಿದೆ.

ಅವ್ವ ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ಆಮೇಲೆ, "ತಮ್ಮಾ, ಆ ಹುಡುಗಿ ಹಿಂದ ಚೀಲ ಹೊತ್ಕೊಂಡು ಹೊಂಟಾಳಲ್ಲ, ಆಕಿ ಯಾರು?"

"ಅವರ ಅವ್ವ."

"ಅವ್ವಗ ಅಷ್ಟು ವಜ್ಜಿ ಹೊರಸ್ತಾರೇನು?" ಹಿಂದೆ ಕೊಡ ತುಂಬಿ ನೀರು ಚೆಲ್ಲುವ ಸದ್ದು ಕೇಳುತ್ತಿತ್ತು. ಅವ್ವ ನಳ ಬಂದ್ ಮಾಡಲು ಹೋಗಲೇ ಇಲ್ಲ.

ಹೌದು, ಟೋಕಿಯೋದಲ್ಲಿ ಚೀಲ ಹೊತ್ತವರು ಅಮ್ಮ ಮಹೇಶ್ವರಿ. ಅದಕ್ಕೂ ಐದು ವರ್ಷ ಮೊದಲು, 2016ರ ರಿಯೋದಲ್ಲಿ ಅಪ್ಪ ಅಶೋಕ್ ಹೊತ್ತಿದ್ದರು. 112 ವರ್ಷದ ಮೇಲೆ ಗಾಲ್ಫ್ ಒಲಿಂಪಿಕ್ಸಿಗೆ ವಾಪಸ್ ಬಂದ ವರ್ಷ ಅದು. ಅದಿತಿಗೆ ಆಗ 18. ಮೊದಲ ಎರಡು ದಿನ 68, 68 ಹೊಡೆದು (ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು) ಮೊದಲ ಹತ್ತರಲ್ಲಿದ್ದಳು, ಕೊನೆಗೆ 41ಕ್ಕೆ ಇಳಿದಳು. ಟೋಕಿಯೋದಲ್ಲಿ ಇಳಿಯಲಿಲ್ಲ. ಕೊನೆಕೊನೆಗೆ ಮಳೆ, ಗುಡುಗು ಬಂದು ಆಟ ನಿಂತಿತು, ಮತ್ತೆ ಶುರುವಾಯಿತು, ನಮಗಿಲ್ಲಿ ನಡುರಾತ್ರಿ ದಾಟಿತು. ಕೊನೆಯ ಹೋಲಿನಲ್ಲಿ ದೂರದಿಂದ ಹೊಡೆದ ಚೆಂಡು ಒಳಗೆ ಬೀಳಲಿಲ್ಲ. ನಾಲ್ಕು ದಿನಕ್ಕೆ 269 ಹೊಡೆತ. ಸಮ ಬಂದು ಬೆಳ್ಳಿ, ಕಂಚಿಗೆ ಪ್ಲೇಆಫ್ ಅಂತ ಮತ್ತೆ ಆಡಿದ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರದೂ 268. ಒಂದೇ ಒಂದು ಹೊಡೆತಕ್ಕೆ ನಾಲ್ಕನೇ ಸ್ಥಾನ. ಅದೇ ದಿನ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದ, ಆಮೇಲೆ ಯಾರಿಗೆ ನಾಲ್ಕನೇ ನಂಬರಿನ ನೆನಪು, ಅಲ್ವಾ?

ವೇಷದ ಜೊತೆ ಎರಡು ನಿಮಿಷದ ಭಾಷಣವೂ ಇದೆಯಲ್ಲ, ನಾನು ಬರೆದು ಕೊಟ್ಟಿದ್ದರಲ್ಲಿ ಈ ನಾಲ್ಕನೇ ಸ್ಥಾನವೇ ಒಂದೂವರೆ ನಿಮಿಷ ತಿಂದಿತ್ತು. ಮಗಳು ಓದಿ, "ಅಪ್ಪಾ, ಫೋರ್ತ್ ಬಂದಿದ್ದನ್ನೇ ಯಾಕೆ ಹೇಳ್ತೀಯಾ? ಐದು ಕಪ್ ಗೆದ್ದಿದಾಳಲ್ಲ" ಅಂದಳು.

ಗೆದ್ದಿದ್ದಾಳೆ. ಕಥೆ ಶುರುವಾದದ್ದೇ ತಿಂಡಿಯಿಂದ. ಬೆಂಗಳೂರಿನಲ್ಲಿ ಮನೆಯವರು ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಕಾಣುತ್ತಿತ್ತಂತೆ, ಐದು ವರ್ಷದ ಹುಡುಗಿ ಅದೇನು ಅಂತ ಕೇಳಿತು, ಅಪ್ಪ ಅಮ್ಮ ಇಬ್ಬರಿಗೂ ಆಟ ಗೊತ್ತಿರಲಿಲ್ಲ. (ನಾವೂ ವಾರವಾರ ಇಡ್ಲಿ ತಿನ್ನಲು ಹೋಗುತ್ತೇವೆ. ಕಿಟಕಿಯಿಂದ ಕಾಣುವುದು ಪಾರ್ಕಿಂಗ್ ಮಾತ್ರ.) 17 ವರ್ಷಕ್ಕೆ ಮೊರಾಕ್ಕೋದಲ್ಲಿ ನಡೆದ ಮಹಿಳೆಯರ ಯುರೋಪಿಯನ್ ಟೂರಿನ (ವೃತ್ತಿಪರ ಪಂದ್ಯಗಳ ಸರಣಿ) ಅರ್ಹತಾ ಪರೀಕ್ಷೆಯಲ್ಲಿ ಮೊದಲು ಬಂದು ಕಾರ್ಡ್, ಅಂದರೆ ಅಲ್ಲಿ ಆಡುವ ಹಕ್ಕು, ಪಡೆದಳು, 2016ರ ಜನವರಿಯಲ್ಲಿ ಪ್ರೊಫೆಷನಲ್ ಆದಳು. ಅದೇ ವರ್ಷ ನವೆಂಬರಿನಲ್ಲಿ ಇಂಡಿಯನ್ ಓಪನ್ ಗೆದ್ದಳು. ಆ ಟೂರಿನಲ್ಲಿ ಗೆದ್ದ ಮೊದಲ ಭಾರತೀಯಳು ಅವಳೇ. ಬೆನ್ನಲ್ಲೇ ಕತಾರ್, ಮರುವರ್ಷ ಅಬುಧಾಬಿ. ಆಮೇಲೆ ಐದು ವರ್ಷ ಒಂದೂ ಕಪ್ ಇಲ್ಲ.

ಆ ಐದು ವರ್ಷ ಏನು ಮಾಡುತ್ತಿದ್ದಳು? ಇದು ನಮಗೆ ಗೊತ್ತಾಗಬೇಕಾದ ಸಂಗತಿ. ಅಮೆರಿಕದ ಎಲ್‌ಪಿಜಿಎ ಅನ್ನುವ ಮಹಿಳಾ ಗಾಲ್ಫ್ ಟೂರಿನಲ್ಲಿ ವಾರಕ್ಕೊಂದು ಊರು. ಎರಡು ದಿನ ಆಡಿದ ಮೇಲೆ ಕಟ್ ಅಂತ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಕೆಳಗೆ ಬಿದ್ದವರು ಶುಕ್ರವಾರ ರಾತ್ರಿ ಸಾಮಾನು ಕಟ್ಟಿಕೊಂಡು ಹೊರಡಬೇಕು, ಆ ವಾರದ ಬಹುಮಾನದ ಹಣ ಸೊನ್ನೆ. ಸಂಬಳ ಅಂತ ಇಲ್ಲ. ವಿಮಾನ, ಹೋಟೆಲು, ಕ್ಯಾಡಿಯ ಖರ್ಚು ಮಾತ್ರ ಇದ್ದೇ ಇರುತ್ತದೆ. ವರ್ಷದ ಕೊನೆಗೆ ಕಾರ್ಡ್ ಉಳಿಸಿಕೊಳ್ಳುವಷ್ಟು ಆಡಿರಬೇಕು, ಇಲ್ಲದಿದ್ದರೆ ಮತ್ತೆ ಅರ್ಹತಾ ಪರೀಕ್ಷೆ. ಕಾಂಟ್ರ್ಯಾಕ್ಟ್ ಕೆಲಸದಲ್ಲಿ ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂತು ವೀಸಾ ದಿನ ಎಣಿಸಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2023ರಲ್ಲಿ ಕೀನ್ಯಾದಲ್ಲಿ 9 ಹೊಡೆತಗಳ ಅಂತರದಿಂದ ಗೆದ್ದಳು. ಲಾಸ್ ಏಂಜಲಿಸ್‌ನಲ್ಲಿ ಪ್ಲೇಆಫ್ ವರೆಗೆ ಹೋಗಿ ಸೋತಳು. ಹಾಂಗ್‌ಝೌ ಏಷ್ಯನ್ ಗೇಮ್ಸಿನ ಕೊನೆಯ ದಿನಕ್ಕೆ 7 ಹೊಡೆತ ಮುಂದಿದ್ದವಳು ಆ ದಿನ 77 ಹೊಡೆದು ಬೆಳ್ಳಿಗೆ ಬಂದಳು. ಮರು ತಿಂಗಳೇ ಸ್ಪೇನಿನಲ್ಲಿ ಗೆದ್ದಳು, ಅದು ಐದನೇ ಕಪ್. ಒಂದೇ ವರ್ಷದಲ್ಲಿ ಇಷ್ಟೂ ಏರಿಳಿತ. 2024ರ ಪ್ಯಾರಿಸ್ ಅವಳ ಮೂರನೇ ಒಲಿಂಪಿಕ್ಸ್, 29ನೇ ಸ್ಥಾನ. ಮಗಳು ಹೇಳಿದ್ದು ಸರಿ. ಭಾಷಣ ತಿದ್ದಿದೆವು. ಆದರೂ ನಾಲ್ಕನೇ ನಂಬರನ್ನು ನಾನು ಒಂದು ಸಾಲಿಗಾದರೂ ಉಳಿಸಿಕೊಂಡೆ, ಅದಕ್ಕೆ ಕಾರಣ ನಮ್ಮ ಕಾಕಾ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಆಳಂದ ತಾಲೂಕಿನ ನಮ್ಮೂರಿನಿಂದ ಕಲಬುರಗಿಗೆ ಜಿಲ್ಲಾ ಮಟ್ಟದ ಓಟಕ್ಕೆ ಹೋಗಿದ್ದೆ. 1500 ಮೀಟರ್. ಆಗ ಅದು ಕಾಗದದ ಮೇಲೆ ಗುಲಬರ್ಗಾ, 2014ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು, ನಮ್ಮ ಕಾಕಾ ಮಾತ್ರ ಮೊದಲಿಂದಲೂ ಕಲಬುರ್ಗಿನೇ ಅನ್ನುತ್ತಿದ್ದ. ಅಪ್ಪನಿಗೆ ಹೊಲದಲ್ಲಿ ತೊಗರಿಗೆ ಎಣ್ಣೆ ಹೊಡೆಯುವುದಿತ್ತು, ಹಾಗಾಗಿ ಕಾಕಾ ಬಂದ. ನಸುಕಿನ ಬಸ್ಸು. ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ ಅವನ ಹೆಗಲಿಗೆ. ಅದರಲ್ಲಿ ಎಂಟು ಖಡಕ್ ರೊಟ್ಟಿ, ಪೇಪರಿನಲ್ಲಿ ಕಟ್ಟಿದ ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ, ಉಪ್ಪು ನಿಂಬೆ ಹಾಕಿದ ನೀರಿನ ಬಾಟಲಿ, ಪಕ್ಕದ ಮನೆಯವರ ಮಗನ ಕ್ಯಾನ್ವಾಸ್ ಬೂಟು. ಬೂಟು ದೊಡ್ಡದು, ಮುಂದೆ ಹಳೇ ಧೋತರದ ಚಿಂದಿ ತುರುಕಿದ್ದ. ಓಟಕ್ಕೆ ಮೊದಲು ನೆಲದ ಮೇಲೆ ಕೂತು ತಾನೇ ಲೇಸ್ ಬಿಗಿದ. ಬಿಗಿಯುತ್ತಾ, "ಮೊದಲನೇ ಸುತ್ತು ಯಾರ್ ಹಿಂದನೂ ಹೋಗಬ್ಯಾಡ. ಎತ್ತು ಕೊಟಿಗಿಂದ ಹೊರಗ ಬಂದಾಗ ಹ್ಯಾಂಗ ಬರ್ತದ, ಹಂಗ ಹೋಗು" ಅಂದ. ಕಾಕಾ ಜನ್ಮದಲ್ಲಿ ಓಟದ ಸ್ಪರ್ಧೆ ನೋಡಿದವನಲ್ಲ.

ಸುತ್ತು ಸುತ್ತಿಗೂ ತಿರುವಿನಲ್ಲಿ ಬಿಳಿ ಟೊಪ್ಪಿಗೆ ಕಾಣುತ್ತಿತ್ತು, "ಈಗ ಬ್ಯಾಡ, ಈಗ ಬ್ಯಾಡ" ಅನ್ನುತ್ತಿತ್ತು. ಕೊನೆಯ ಸುತ್ತಿಗೆ ನಾನು ಐದನೆಯವನು. ನೋಡಿದರೆ ಕಾಕಾ ಸುಣ್ಣದ ಗೆರೆಯ ಒಳಗೆ ಬಂದು ನನ್ನ ಪಕ್ಕದಲ್ಲೇ ಓಡುತ್ತಿದ್ದಾನೆ, ಧೋತರದ ಚುಂಗು ಒಂದು ಕೈಯಲ್ಲಿ, ಚೀಲ ಬೆನ್ನಿಗೆ ಧಪ್ ಧಪ್ ಬಡಿಯುತ್ತಿದೆ, ಒಳಗೆ ರೊಟ್ಟಿ ಮುರಿಯುವ ಸದ್ದು ನನಗೇ ಕೇಳುತ್ತಿದೆ, "ಈಗ, ಈಗ ನೋಡ್" ಅಂತ ಕೂಗುತ್ತಿದ್ದಾನೆ. ಯಾರೋ ಪಿಟಿ ಮಾಸ್ತರರು ಸೀಟಿ ಊದಿ, "ಏ ಮುದುಕಾ, ಹೊರಗ ಬಾ" ಅಂದರು. ಒಬ್ಬನನ್ನು ದಾಟಿದೆ. ನಾಲ್ಕನೇ ನಂಬರ್. ಮುಂದಿನ ಹಂತಕ್ಕೆ ಹೋದದ್ದು ಮೂರೇ ಜನ.

ಬೇವಿನ ಗಿಡದ ಕೆಳಗೆ ಕೂತು ಚೂರು ರೊಟ್ಟಿ ತಿಂದೆವು. ನನಗೆ ಅಳು. ಕಾಕಾನಿಗೆ ಸಿಟ್ಟು, ಅದೂ ಸೋತದ್ದಕ್ಕಲ್ಲ, ಮುದುಕ ಅಂದದ್ದಕ್ಕೆ. ಅವನಿಗಾಗ ನಲವತ್ತೂ ಆಗಿರಲಿಲ್ಲ. ಆಮೇಲೆ ಸೂಪರ್ ಮಾರ್ಕೆಟಿನಲ್ಲಿ ಸುಸಲಾ, ಮಿರ್ಚಿ ಕೊಡಿಸಿದ. ವಾಪಸ್ ಬರುವ ಬಸ್ಸಿನಲ್ಲಿ ಪಕ್ಕದವರಿಗೆ, ಮೂರನೇದವನಿಗೂ ನಮ್ಮ ಹುಡುಗನಿಗೂ ಒಂದು ಮಾರು ಅಂತರ ಅಂದ. ಊರ ಕಟ್ಟೆಗೆ ಬರುವಷ್ಟರಲ್ಲಿ ಅದು ಒಂದು ಮೊಳ ಆಗಿತ್ತು. ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕ ವರ್ಷ ಗೇಣಾಯಿತು, ನನ್ನ ಮದುವೆಯಲ್ಲಿ ನಾಲ್ಕು ಬೆರಳು. ಈಗ ಒಂದು ಬೆರಳಿಗೆ ಬಂದಿದೆ. ನಿಜ ಹೇಳಬೇಕೆಂದರೆ ಹತ್ತು ಹೆಜ್ಜೆಯಾದರೂ ಇತ್ತು.

ಅಯ್ಯೋ, ಪ್ರಕಟಣೆಗಳಿಗೆ ಜಾಗ ಬಿಡಬೇಕು. ರಾಜ್ಯೋತ್ಸವ ನವೆಂಬರಿನ ಎರಡನೇ ಶನಿವಾರ ಮಧ್ಯಾಹ್ನ 2ಕ್ಕೆ, 2 ಅಂದರೆ 2, ಕಳೆದ ಸಲದ ಹಾಗೆ ನಾಲ್ಕಕ್ಕೆ ಬಂದು ನಾಡಗೀತೆ ಮುಗೀತಾ ಅಂತ ಕೇಳಬೇಡಿ. ಊಟಕ್ಕೆ ಹೆಸರು ಹಿಂದಿನ ಭಾನುವಾರದೊಳಗೆ ಕೊಡಿ. ಭಾನುವಾರದ ಕನ್ನಡ ಕ್ಲಾಸು ಮತ್ತೆ ಶುರು, ಎರಡನೇ ಹಂತಕ್ಕೆ ಇನ್ನೂ ಟೀಚರ್ ಸಿಕ್ಕಿಲ್ಲ. ಎಳ್ಳಮಾವಾಸ್ಯೆ ವಾರದ ನಡುವೆ ಬಂದರೆ ಅದರ ಹಿಂದಿನ ಭಾನುವಾರ ಸಭಾಂಗಣದಲ್ಲೇ ಮಾಡುತ್ತೇವೆ. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ ಇರುತ್ತವೆ. ಚರಗ ಚೆಲ್ಲಲು ಹೊಲ ಇಲ್ಲ, ಸಭಾಂಗಣದ ಹಿಂದಿನ ಹುಲ್ಲೇ ಗತಿ. ಸಜ್ಜಿ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ನಮ್ಮ ಖಜಾಂಚಿಯವರು ಡಿಸೆಂಬರಿನಲ್ಲಿ ಟೆಕ್ಸಾಸಿಗೆ ಹೊರಟಿದ್ದಾರೆ. ಲೆಕ್ಕದ ಪುಸ್ತಕ ನನ್ನ ಮೇಜಿನ ಮೇಲೆ ಬಂದು ಕೂತಿದೆ, ನನಗೆ ಲೆಕ್ಕ ಬರುವುದಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ವೇದಿಕೆ ಮೇಲೆ ಹಾಡಲು 40 ಜನ ಹೆಸರು ಕೊಟ್ಟಿದ್ದಾರೆ. ಸ್ಟೋರೇಜಿನಿಂದ ಕುರ್ಚಿ, ಸ್ಪೀಕರು, ಭುವನೇಶ್ವರಿಯ ಪಟ ಹೊತ್ತು ತರಲು ಮೂರೇ ಜನ, ಅದರಲ್ಲಿ ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬ ನಾನು. ಬೆಳಗ್ಗೆ 10ಕ್ಕೆ ಬನ್ನಿ, ಉಪ್ಪಿಟ್ಟು ಇರುತ್ತದೆ. ಯಾರ ಮನೆಯಲ್ಲಾದರೂ ಮಕ್ಕಳ ಹಳೇ ಗಾಲ್ಫ್ ಚೀಲ ಇದ್ದರೆ ಒಂದು ದಿನಕ್ಕೆ ಕೊಡಿ. ಸದ್ಯಕ್ಕೆ ಯೋಗ ಚಾಪೆಯ ಚೀಲದಲ್ಲಿ ಒಂದು ಕೊಡೆ, ಒಂದು ಲಟ್ಟಣಿಗೆ ಹಾಕಿಕೊಂಡು ಅಭ್ಯಾಸ ನಡೆದಿದೆ.

ಮೊನ್ನೆ ಕಾಕಾನಿಗೆ ವಿಡಿಯೋ ಕಾಲ್ ಮಾಡಿ ಮಗಳ ವೇಷ ತೋರಿಸಿದೆ. ಅದಿತಿ ಒಂದೇ ಹೊಡೆತಕ್ಕೆ ಪದಕ ಕಳಕೊಂಡಳು ಅಂತ ಹೇಳಿದೆ.

"ಒಂದು ಹೊಡ್ತ ಅಂದ್ರ ಎಷ್ಟು ಉದ್ದ ಇರ್ತದಪಾ?"

ಅದಕ್ಕೆ ಅಳತೆ ಇಲ್ಲ ಕಾಕಾ, ಇನ್ನೂರು ಗಜ ಹೊಡೆದರೂ ಒಂದೇ, ಎರಡು ಬೆರಳು ನೂಕಿದರೂ ಒಂದೇ ಲೆಕ್ಕ ಅಂದೆ. ಕಾಕಾ ಸ್ವಲ್ಪ ಹೊತ್ತು ಟೊಪ್ಪಿಗೆ ಸರಿ ಮಾಡಿಕೊಂಡ.

"ಹಂಗಾರ ನಮ್ದೂ ಒಂದ ಹೊಡ್ತ ಅನ್ನು."

ಚುಕ್ಕೆ ಮತ್ತೆ ಬಂತು, ಈ ಸಲ ಎರಡು. ಕಳಿಸುತ್ತಿದ್ದೇನೆ.