ಮಣ್ಣಿನಡಿಯ ಪಾತ್ರಕ್ಕೆ ಮೊದಲು ಉಸಿರು

ಬದಿಯಡ್ಕ

ಪ್ರಿಯ ಗೆಳೆಯಾ,

ಗುಡ್ಡ ಜರಿದು ಮಣ್ಣಿನಡಿ ಸಿಕ್ಕಿಬಿದ್ದವನ ಪಾತ್ರ ಈ ಸಲದ ನಾಟಕದಲ್ಲಿ ನಿನ್ನದೆಂದು ಬರೆದಿದ್ದೀಯಲ್ಲ, ಹಾಗಾದರೆ ಮಲಯಾಳ ಸಿನಿಮಾ ‘ಮಲಯನ್‌ಕುಂಞು’ ಇನ್ನೊಮ್ಮೆ ನೋಡು. 2022ರದ್ದು, ಸಜಿಮೋನ್ ಪ್ರಭಾಕರ್ ನಿರ್ದೇಶನ. ಗುಡ್ಡ ಜರಿದ ಮೇಲೆ ಸಿನಿಮಾ ಹೊತ್ತವನು ಫಹಾದ್ ಫಾಸಿಲ್ ಒಬ್ಬನೇ, ಅದೂ ಹೆಚ್ಚು ಮಾತಿಲ್ಲದೆ.

ಯಕ್ಷಗಾನದ ವೇಷಕ್ಕಾದರೆ ಕುಣಿತವುಂಟು, ಕೈಸನ್ನೆಯುಂಟು. ಇಲ್ಲಿ ಅವೆಲ್ಲ ಮಣ್ಣಿನೊಳಗೆ. ಉಳಿಯುವುದು ಕಣ್ಣು, ಕುತ್ತಿಗೆ, ಉಸಿರು. ಎದೆಯ ಸುತ್ತ ಹಸಿಮಣ್ಣು ಕೂತರೆ, ಉಸಿರು ಬಿಟ್ಟಾಗ ಆದ ಜಾಗಕ್ಕೂ ಅದು ಇಳಿದು ಬಿಗಿಯುತ್ತದೆ. ಮತ್ತೆ ಎದೆ ಅಷ್ಟು ಉಬ್ಬುವುದಿಲ್ಲ. ಹಾಗಾಗಿ ಉದ್ದ ಉಸಿರೆಳೆದು ಡೈಲಾಗ್ ಹೊಡೆದರೆ ಪಾತ್ರ ಅಲ್ಲೇ ಸತ್ತಿತು. ಗಿಡ್ಡ ಗಿಡ್ಡ ಉಸಿರು, ಮೂರ್ನಾಲ್ಕು ಶಬ್ದಕ್ಕೊಮ್ಮೆ ತಡೆ.

ಕತ್ತಲಲ್ಲಿ ಮೇಲು ಯಾವುದು, ಕೆಳಗೆ ಯಾವುದು ತಿಳಿಯದು. ಜೊಲ್ಲು ಬಿಟ್ಟು ಅದು ಕೆನ್ನೆಯ ಯಾವ ಬದಿಗೆ ಹರಿಯುತ್ತದೆಂದು ನೋಡಬೇಕು, ಅದರ ಎದುರು ದಿಕ್ಕು ಮೇಲು. ಕೂಗಿದರೆ ಬಾಯಿ ತುಂಬ ಧೂಳು, ಅದನ್ನು ಕೊನೆಗಿಟ್ಟುಕೊ. ಕಲ್ಲಿನಿಂದ ಗೋಡೆಗೋ ಪೈಪಿಗೋ ಮೂರು ಮೂರು ಸಲ ಬಡಿದು, ಸುಮ್ಮನಾಗಿ ಕಿವಿಗೊಡು. ಈ ಕಿವಿಗೊಡುವ ಅಭಿನಯವೇ ಕಷ್ಟದ್ದು. ಚಿತ್ರದ ನಾಯಕ ಎಲೆಕ್ಟ್ರಾನಿಕ್ಸ್ ರಿಪೇರಿಯವನು. ನಿದ್ದೆ ಕೆಡಿಸುತ್ತಿದ್ದ ಪಕ್ಕದ ಮನೆಯ ಕೂಸಿನ ಅಳುವನ್ನೇ ಹಿಡಿದು ಮಣ್ಣಿನೊಳಗೆ ತೆವಳುತ್ತಾನೆ. ನಿನ್ನದರಲ್ಲೂ ಮೊದಲು ಕಿವಿ, ಆಮೇಲೆ ಕಣ್ಣು ತಿರುಗಲಿ. ಸಂಗೀತ ಕೊಟ್ಟ ಎ.ಆರ್. ರೆಹಮಾನ್ ಈ ಚಿತ್ರದಿಂದ 30 ವರ್ಷದ ಮೇಲೆ ಮಲಯಾಳಕ್ಕೆ ಬಂದದ್ದು ಸಂತೋಷವೇ, ಆದರೆ ಆ ಕತ್ತಲಲ್ಲಿ ಅಷ್ಟು ವಾದ್ಯ ಬೇಡವಿತ್ತು ಎಂದು ನನ್ನ ತಕರಾರು.

ಕೊನೆಗೆ, ತೊಲೆ ಎತ್ತಿದ ಕೂಡಲೇ ಎದ್ದು ನಡೆಯಬೇಡ ಮಾರಾಯ. ಗಂಟೆಗಟ್ಟಲೆ ಜಜ್ಜಿದ ತೊಡೆಯ ಭಾರ ತೆಗೆದಾಗ, ಹಾಳಾದ ಸ್ನಾಯುವಿನ ಪೊಟ್ಯಾಸಿಯಂ ಒಮ್ಮೆಲೇ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಅದಕ್ಕೇ ಭಾರ ಎತ್ತುವ ಮೊದಲೇ ಸಲೈನ್ ಏರಿಸುತ್ತಾರೆ. ಒಬ್ಬ ಬಾಟ್ಲಿ ಹಿಡಿದು ನಿಲ್ಲಲಿ.

ರಂಗಕ್ಕೆ ನಿಜವಾದ ಮಣ್ಣು ತರಿಸಬೇಡ, ಒಂದು ಘನ ಮೀಟರ್ ಒದ್ದೆಮಣ್ಣು 2 ಟನ್ ಹತ್ತಿರ ತೂಗುತ್ತದೆ. ತೆಂಗಿನ ನಾರಿನ ಹುಡಿಗೆ ಕೆಮ್ಮಣ್ಣು ಕಲಸಿ, ನಡುನಡುವೆ ಶೇಡಿಮಣ್ಣಿನ (ಬಿಳಿ ಜೇಡಿಯ) ಪಟ್ಟೆ ಕೊಡು. ನಮ್ಮ ಕಡೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಜರಿದರೆ ಕಾಣುವುದು ಹಾಗೆಯೇ. ಎದೆಯ ಮೇಲೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿಯ) ಗೂಡು ಕಟ್ಟಿಸಿಕೊ. ಹುಡಿ ಒಣಗಿದ್ದರೆ ಮೂಗಿಗೆ ಏರುತ್ತದೆ, ನೀರು ಚಿಮುಕಿಸಿಯೇ ಹಾಕಿಸು.

ನಿನ್ನ ಗೆಳೆಯ