ನನ್ನ ಬಲೆಗಾಗಿ ಹಡಗು ನಿಧಾನ ಮಾಡಿದವರಿಗೆ

ಹಡಗಿನಿಂದ ಇಳಿದಾಯಿತು. ನೆಲ ಇನ್ನೂ ತೂಗುತ್ತಿದೆ. ಮೆಟ್ಟಿಲು ಇಳಿಯುವಾಗ ಕೈ ತಾನಾಗಿ ಗೋಡೆ ಹುಡುಕುತ್ತದೆ. ಮಾದರಿಯ ಬಾಟಲಿಗಳು ಒಂದೂ ಒಡೆಯದೆ ಲ್ಯಾಬ್ ಸೇರಿವೆ. ಈಗಲೇ ಕೂತು ಥ್ಯಾಂಕ್ಸ್ ಹೇಳದಿದ್ದರೆ ಆಮೇಲೆ ಹೇಳುವುದೇ ಇಲ್ಲ, ನನ್ನ ಬುದ್ಧಿ ನನಗೆ ಗೊತ್ತು.

ಕಡಲ ಜೀವಶಾಸ್ತ್ರ ಓದುವವಳಿಗೆ ಹಾಯಿಹಡಗಿನಲ್ಲಿ ಏನು ಕೆಲಸ ಅಂತ ತುಂಬಾ ಜನ ಕೇಳಿದಿರಿ. ಸಂಬಳವಿಲ್ಲದ ಸಿಬ್ಬಂದಿ, ಅಷ್ಟೇ. ಹಗ್ಗ ಎಳೆಯುವುದು, ಡೆಕ್ ಉಜ್ಜುವುದು, ಪಾತ್ರೆ, ಟಾಯ್ಲೆಟ್, ಚುಕ್ಕಾಣಿ, ಎಲ್ಲವೂ ಪಾಳಿಯ ಮೇಲೆ. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕೆಲಸ. ಬದಲಿಗೆ ನನ್ನ ಪ್ಲಾಂಕ್ಟನ್ ಬಲೆಯನ್ನು, ಅಂದ್ರೆ ನೀರಿನಲ್ಲಿ ತೇಲಾಡುವ ಪುಟ್ಟ ಜೀವಿಗಳನ್ನು ಹಿಡಿಯುವ ಬಲೆಯನ್ನು, ನೀರಿಗಿಳಿಸಲು ಅವಕಾಶ.

ಈ ಬಲೆಯ ಕಾಟ ಎಷ್ಟು ಅಂತ ಹಡಗಿನವರಿಗೆ ಮಾತ್ರ ಗೊತ್ತು. ಅದರ ಕಣ್ಣುಗಳು 0.2 ಮಿಲಿಮೀಟರ್. ಎಳೆಯುವಾಗ ಹಡಗು ಒಂದೆರಡು ನಾಟ್, ಅಂದ್ರೆ ಗಂಟೆಗೆ ಸುಮಾರು ಎರಡರಿಂದ ನಾಲ್ಕು ಕಿಲೋಮೀಟರ್ ವೇಗದಲ್ಲಿ ತೆವಳುತ್ತಿರಬೇಕು. ಜೋರಾಗಿ ಹೋದರೆ ಅಷ್ಟು ನೀರು ಆ ಸಣ್ಣ ಕಣ್ಣುಗಳಲ್ಲಿ ನುಸುಳಲಾಗದೆ ಬಲೆಯ ಬಾಯಿಂದಲೇ ಹೊರಗೆ ಚೆಲ್ಲುತ್ತದೆ, ಒಳಗೆ ಸಿಕ್ಕ ಜೀವಿಗಳು ಜಜ್ಜಿಹೋಗುತ್ತವೆ. ಎಂಜಿನ್ ಹಡಗಾದರೆ ಒಂದು ಲಿವರ್ ಹಿಂದಕ್ಕೆಳೆದರೆ ಮುಗಿಯಿತು. ಇಲ್ಲಿ ನಡುಗಂಬದ ಅಡ್ಡಮರಗಳನ್ನೇ ತಿರುಗಿಸಿ, ಆ ಹಾಯಿಗಳಿಗೆ ಗಾಳಿ ಎದುರಿನಿಂದ ಬಡಿಯುವಂತೆ ಮಾಡಬೇಕು. ಮುಂಗಂಬದ ಹಾಯಿಗಳು ಹಡಗನ್ನು ಮುಂದಕ್ಕೆ ತಳ್ಳುತ್ತವೆ, ನಡುವಿನವು ಹಿಂದಕ್ಕೆ. ಈ ಹಗ್ಗಜಗ್ಗಾಟದಲ್ಲಿ ವೇಗ ಇಳಿಯುತ್ತದೆ. ಅದಕ್ಕೆ ಪಾಳಿಯವರೆಲ್ಲ ಬಂದು ಕೈ ಹಾಕಬೇಕು. ಬಲೆ ಮೇಲೆ ಬಂದ ಮೇಲೆ ಅಷ್ಟನ್ನೂ ಮತ್ತೆ ಮೊದಲಿನಂತೆ ತಿರುಗಿಸಬೇಕು.

ಒಳ್ಳೆ ಗಾಳಿ ಬೀಸುತ್ತಿರುವಾಗ ಬೇಕಂತಲೇ ನಿಧಾನವಾಗುವುದು ನಾವಿಕರಿಗೆ ಎಂಥ ಸಂಕಟ ಅಂತ ಅವರ ಮುಖ ನೋಡಿಯೇ ತಿಳಿಯಿತು. ಕ್ಯಾಪ್ಟನ್, ನೀವು ಒಂದು ಸಲವೂ ಗಡಿಯಾರ ನೋಡಲಿಲ್ಲ. ಅಂದ್ರೆ ನೋಡಿದ್ದೀರಿ, ನನಗೆ ಕಾಣದ ಹಾಗೆ ನೋಡಿದ್ದೀರಿ. ಅದಕ್ಕೆ ಇನ್ನೂ ಜಾಸ್ತಿ ಥ್ಯಾಂಕ್ಸ್.

ಸಾಲದ್ದಕ್ಕೆ ನನಗೆ ರಾತ್ರಿಯ ಬಲೆಯೂ ಬೇಕಿತ್ತು. ಸೀಗಡಿಯ ದೂರದ ನೆಂಟರಾದ ಕೋಪೆಪಾಡ್ ಅನ್ನುವ ಪುಟ್ಟ ಜೀವಿಗಳಲ್ಲಿ ಎಷ್ಟೋ ಜಾತಿಯವು ಹಗಲೆಲ್ಲ ಆಳದಲ್ಲಿದ್ದು, ಕತ್ತಲಾದ ಮೇಲೆ ಮೇಯಲು ಮೇಲೆ ಬರುತ್ತವೆ. ಬೆಳಕಿದ್ದರೆ ಮೀನಿನ ಕಣ್ಣಿಗೆ ಬೀಳುವ ಭಯ. ಬರೀ ಮಧ್ಯಾಹ್ನದ ಬಾಟಲಿ ನೋಡಿದವರಿಗೆ ಕಡಲು ಖಾಲಿ ಅನಿಸಿಬಿಡುತ್ತದೆ. ಹೀಗಾಗಿ ನಡುರಾತ್ರಿಯಿಂದ ನಾಲ್ಕರವರೆಗಿನ ಪಾಳಿಯವರಿಗೆ ಗ್ರಹಚಾರ. ಹಗ್ಗ ಯಾವುದು ಅಂತ ಕೈಯಲ್ಲೇ ಮುಟ್ಟಿ ಗುರುತಿಸಬೇಕಾದ ಕತ್ತಲು.

ಹಗ್ಗ, ಹಾಯಿ, ಡೆಕ್ ಕೆಲಸದ ಮೇಸ್ತ್ರಿ ಬೋಸನ್ ಸುಮ್ನೆ ಬಂದು ನೀರಿನ ಪೈಪ್ ಹಿಡಿದು ನಿಲ್ಲುತ್ತಿದ್ದರು. ಬಲೆಯನ್ನು ಹೊರಗಿನಿಂದ ತೊಳೆಯಬೇಕು, ಒಳಗೆ ನೀರು ಬಿಟ್ಟರೆ ಆ ನೀರಿನ ಜೀವಿಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಇದನ್ನು ಅವರಿಗೆ ಒಂದೇ ಸಲ ಹೇಳಿದ್ದೆ. ಮೇಲಿನಿಂದ ಕೆಳಕ್ಕೆ, ಸುತ್ತಲೂ, ಆತುರವಿಲ್ಲದೆ ತೊಳೆಯುತ್ತಿದ್ದರು. ನೀರು ಬಿದ್ದಲ್ಲೆಲ್ಲ ಬಲೆಯ ಬಟ್ಟೆ, ಅದಕ್ಕಂಟಿದ ಬೆಳಕು ಸೂಸುವ ಜೀವಿಗಳಿಂದ, ನೀಲಿಯಾಗಿ ಮಿನುಗುತ್ತಿತ್ತು. ಬಲೆಯ ತುದಿಯಲ್ಲಿ ಜೀವಿಗಳು ಬಂದು ಸೇರುವ ಬಾಟಲಿ ಬಿಚ್ಚಿ ಟಾರ್ಚ್ ಹಿಡಿದರೆ ಕೋಪೆಪಾಡ್‌ಗಳು ನೆಗೆಯುತ್ತಿದ್ದವು, ನಡುವೆ ಗಾಜಿನಂತೆ ಪಾರದರ್ಶಕವಾದ, ಬಾಣದಾಕಾರದ ಬಾಣಹುಳು ಒಂದೆರಡು. ನಿದ್ದೆಗಣ್ಣಿನಲ್ಲಿದ್ದವರೂ ಬಗ್ಗಿ ನೋಡುತ್ತಿದ್ದರು.

1872ರಿಂದ 1876ರವರೆಗೆ ಚಾಲೆಂಜರ್ ಹಡಗು ಲೋಕದ ಕಡಲುಗಳನ್ನು ಸುತ್ತಿ ಸಂಶೋಧನೆ ಮಾಡಿತ್ತಲ್ಲ, ಅದೂ ಹಾಯಿಯ ಮೇಲೇ ಓಡಾಡುತ್ತಿತ್ತು. ಬಲೆ ಎಳೆಯುವಾಗ ಮಾತ್ರ ಉಗಿ ಎಂಜಿನ್. ಮೊದಮೊದಲು ಬಲೆ ಮೇಲೆ ಬಂದಾಗ ಎಲ್ಲರೂ ಓಡಿಬರುತ್ತಿದ್ದರಂತೆ, ಬರಬರುತ್ತಾ ಬೇಜಾರಾಗಿ ಗುಂಪು ಕರಗಿತಂತೆ. ನಮ್ಮ ಹಡಗಿನಲ್ಲಿ ಉಲ್ಟಾ. ಮೊದಲು ಯಾರೂ ಬರುತ್ತಿರಲಿಲ್ಲ, ಕೊನೆಕೊನೆಗೆ ನನಗೇ ಜಾಗವಿರಲಿಲ್ಲ.

ಅಡುಗೆಯವರಿಗೆ ಎರಡು ಥ್ಯಾಂಕ್ಸ್. ಒಂದು, ಮೊದಲ ವಾರ ಹೊಟ್ಟೆ ತೊಳಸಿ ಬಕೆಟ್ ಬಿಟ್ಟು ಏಳಲಾಗದಿದ್ದಾಗ ಒಣ ಬಿಸ್ಕತ್ತು ಕೊಟ್ಟು, ಬಲವಂತವಾಗಿ ಡೆಕ್ ಮೇಲೆ ಕೂರಿಸಿ ದಿಗಂತ ನೋಡು ಅಂದಿದ್ದಕ್ಕೆ. ಒಳಗೆ ಮಲಗಿದರೆ ಕಣ್ಣು ಎಲ್ಲ ನಿಂತಿದೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಎಲ್ಲ ತೂಗುತ್ತಿದೆ ಅನ್ನುತ್ತದೆ. ಈ ಜಗಳ ಬಿಡಿಸಲು ದಿಗಂತವೇ ಬೇಕು. ಪುಸ್ತಕದಲ್ಲಿ ಓದಿದ್ದೆ, ಆದರೆ ಆಗ ಯಾರಿಗೆ ನೆನಪಿರುತ್ತೆ? ಎರಡು, ಸೆಕ್ಕಿ ತಟ್ಟೆಗೆ. ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಅಂತ ನೋಡುವುದು. ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯಲು 1865ರಿಂದ ಇದೇ ಉಪಾಯ. ಮಧ್ಯಾಹ್ನದ ಅಡುಗೆ ಬಿಟ್ಟು ಬಂದು ಅವರು ಅಂದಾಜು ಹೇಳುತ್ತಿದ್ದರು. ಬಹಳ ಸಲ ನನ್ನ ಅಂದಾಜಿಗಿಂತ ಅವರದೇ ಹತ್ತಿರ.

ನನ್ನ ಪಾಳಿಯ ಗೆಳತಿಗೆ: ನಾನು ನೆಟ್ಟಗೆ ನಿಲ್ಲಲಾಗದ ದಿನಗಳಲ್ಲಿ ನನ್ನ ಚುಕ್ಕಾಣಿಯ ಸರದಿಯನ್ನೂ ನೀನೇ ಮಾಡಿದೆ. ಮೊದಲ ಸಲ ಕಂಬ ಹತ್ತುವಾಗ ಬೀಳದಂತೆ ಕಟ್ಟಿಕೊಳ್ಳುವ ಹಾರ್ನೆಸ್ ಪಟ್ಟಿಯ ಕೊಕ್ಕೆಯನ್ನು ಮೂರು ಸಲ ಎಳೆದು ನೋಡಿ, ಹಿಂದೆಯೇ ಹತ್ತಿದೆ. ಧೈರ್ಯ ಮಾಡು ಅಂತ ಒಮ್ಮೆಯೂ ಅನ್ನಲಿಲ್ಲ, ಮುಂದಿನ ಹೆಜ್ಜೆ ಎಲ್ಲಿಡಬೇಕು ಅಂತ ಮಾತ್ರ ಹೇಳಿದೆ.

ಇದೆಲ್ಲ ಟೈಮ್ ವೇಸ್ಟ್ ಅಂದವರ ಎದುರು ನನ್ನ ಪರ ನಿಂತು ರಜೆ ಕೊಡಿಸಿದ ಗೈಡ್‌ಗೂ, ಸಿಗ್ನಲ್ ಇಲ್ಲದ ದಿನಗಳನ್ನು ಹೇಗೋ ಕಳೆದ ಅಪ್ಪ ಅಮ್ಮನಿಗೂ ತುಂಬಾ ಥ್ಯಾಂಕ್ಸ್.

ಇನ್ನು ಬಾಟಲಿಯ ಜೀವಿಗಳ ಎಣಿಕೆ. ತೂಗುವ ಹಡಗಿನಲ್ಲಿ ಸೂಕ್ಷ್ಮದರ್ಶಕ ನೋಡುವುದು ಆಗದ ಮಾತು, ಅದಕ್ಕೇ ಎಲ್ಲವನ್ನೂ ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿಟ್ಟು ತಂದಿದ್ದೇನೆ. ಪ್ರಬಂಧ ಮುಗಿದ ಮೇಲೆ ಎಲ್ಲರಿಗೂ ಕಳಿಸುತ್ತೇನೆ, ಪೂರ್ತಿ ಓದಿ ಅಂತ ಪೀಡಿಸುವುದಿಲ್ಲ. ಮಾದರಿಗಳ ಕೋಷ್ಟಕ ಮಾತ್ರ ನೋಡಿ. ದಿನಾಂಕ, ಸಮಯ, ಅಕ್ಷಾಂಶ, ರೇಖಾಂಶ ಆದ ಮೇಲೆ ಇನ್ನೊಂದು ಕಾಲಂ ಸೇರಿಸಿದ್ದೇನೆ: ಹಗ್ಗ ಹಿಡಿದವರು. ಗೈಡ್ ಒಪ್ಪಿದ್ದಾರೆ. ಹೆಸರಿನ ಕಾಗುಣಿತ ತಪ್ಪಿದ್ದರೆ ಈಗಲೇ ಹೇಳಿಬಿಡಿ.